ಸಕ್ಕರೆ ಬಿಟ್ಟರೆ ಸೈಕಲ್ ಓಡೀತೇ?



ಬೂದಿ ಬುಧವಾರ ಹತ್ತಿರ ಬಂತೆಂದರೆ ನಮ್ಮ ಧರ್ಮಕೇಂದ್ರದ ಮನೆಗಳಲ್ಲಿ ಒಂದೇ ಮಾತು: ಈ ತಪಸ್ಸುಕಾಲದಾಗ ಏನು ಬಿಡೋಣು? ಒಬ್ಬರು ಮಾಂಸ ಎನ್ನುತ್ತಾರೆ, ಒಬ್ಬರು ತಂಬಾಕು ಎನ್ನುತ್ತಾರೆ. ಮಕ್ಕಳು ಮೊಬೈಲು ಬಿಡುತ್ತೇವೆಂದು ಹೇಳಿ ಮೂರನೆಯ ದಿನಕ್ಕೆ ಮರೆತುಬಿಡುತ್ತಾರೆ. ಕಳೆದ ವರ್ಷ ಈ ಅಂಕಣ ಬರೆಯುವ ನಾವು ಮೂವರು ಸಕ್ಕರೆ ಬಿಡುವುದೆಂದು ಮಾತಾಡಿಕೊಂಡೆವು. ಮೂವರೂ ವಿಜಾಪುರ ರಸ್ತೆಯ ಬದಿಯ ಹೊಲದವರು. ಮೂವರ ಹೊಲದಲ್ಲೂ ಕಬ್ಬು ಇದೆ. ಮೂವರೂ ಸೈಕಲ್ ತುಳಿಯುವವರು. ನಮ್ಮಲ್ಲಿ ಹಿರಿಯರಿಗೆ 63 ವರ್ಷ, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮುಂಜಾನೆ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ಮೇಲೆಯೇ ಡೇರಿಗೆ ಹೋಗಿ ಬರುತ್ತಾರೆ. ಕಿರಿಯರಿಗೆ ಸೈಕಲ್ ಎಂದರೆ ಹುಚ್ಚು. ರವಿವಾರದ ಬಲಿಪೂಜೆ ಮುಗಿದ ಮೇಲೆ ಟಾಕಳಿಯ ಭೀಮಾ ಸೇತುವೆ ಮುಟ್ಟಿ ಬರುವುದು ಅವರಿಗೆ ಆಟ. ನಡುವಿನವರ ಪರಿಚಯ ಹೇಳಬೇಕೆಂದರೆ, ದಿನಕ್ಕೆ ಆರು ಕಪ್ಪು ಚಹಾ ಎಂದರೆ ಸಾಕು.

ಆ ನಲವತ್ತು ದಿನಗಳಲ್ಲಿ ಮೂವರಿಗೂ ಮೂರು ತರಹದ ಪೆಟ್ಟು ಬಿತ್ತು. ಒಬ್ಬರಿಗಂತೂ ಜೀವಕ್ಕೇ ಬರುವುದಿತ್ತು. ಈ ವರ್ಷವೂ ಸಕ್ಕರೆ ಬಿಡುವೆವೆಂದು ಹಲವರು ಹೇಳುತ್ತಿರುವುದರಿಂದ ಇದನ್ನು ಬರೆದು ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲಿಗೆ ನೆರೆಯವರೊಬ್ಬರ ನಗೆಮಾತಿಗೆ ಉತ್ತರ ಕೊಡಬೇಕು. "ಕಬ್ಬು ಬೆಳೆಯಾವ್ರೇ ಸಕ್ಕರಿ ಬಿಟ್ಟ್ರ ಕಾರಖಾನಿ ನಡಿಯೋದು ಹೆಂಗರೀ?" ಎಂದು ಅವರು ಕೇಳಿದರು. ನಾವು ಕೂತು ಲೆಕ್ಕ ಹಾಕಿದೆವು. ಆರು ಜನರ ಮನೆಗೆ ತಿಂಗಳಿಗೆ 6 ಕಿಲೋ ಸಕ್ಕರೆ ಬರುತ್ತಿತ್ತು, ಅದು 2 ಕಿಲೋಗೆ ಇಳಿಯಿತು. ವರ್ಷಕ್ಕೆ 48 ಕಿಲೋ ಉಳಿತಾಯ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಸಕ್ಕರೆ ಇಳಿಯುತ್ತದೆಂದು ನಮಗೆಲ್ಲ ಗೊತ್ತು. ಅಂದರೆ ನಮ್ಮ ಒಂದು ಮನೆ ಬಿಟ್ಟ ಸಕ್ಕರೆ ಹೆಚ್ಚೂ ಕಡಿಮೆ ಅರ್ಧ ಟನ್ ಕಬ್ಬು. ಎಕರೆಗೆ 40 ಟನ್ ಬೆಳೆಯುವವನಿಗೆ ಅದು ಅರ್ಧ ಗುಂಟೆ ನೆಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಕ್ವಿಂಟಲಿಗೆ 355 ರೂಪಾಯಿಯ ದರದಲ್ಲಿ ಹಿಡಿದರೂ ಸುಮಾರು 1,700 ರೂಪಾಯಿ. ಅಷ್ಟು ಸಕ್ಕರೆಯನ್ನು ಅಂಗಡಿಯಲ್ಲಿ ಕೊಳ್ಳಲು ಅದಕ್ಕಿಂತ ಹೆಚ್ಚು ಕೊಡುತ್ತೇವೆ. ನಮ್ಮ ಕಬ್ಬಿನ ಭವಿಷ್ಯ ನೀರಿನ ಮೇಲೆ, ಉಜನಿಯ ಕಾಲುವೆಯ ಮೇಲೆ ನಿಂತಿದೆ, ನಮ್ಮ ಚಹಾದ ಕಪ್ಪಿನ ಮೇಲೆ ಅಲ್ಲ.

ಎಷ್ಟು ತಿನ್ನುತ್ತಿದ್ದೆವು?

ಬಿಡುವ ಮುನ್ನ ಅಳೆದು ನೋಡಿದೆವು. ಒಂದು ಚಹಾ ಚಮಚೆಯಲ್ಲಿ ಸಕ್ಕರೆ 4ರಿಂದ 5 ಗ್ರಾಂ. ಕಪ್ಪಿಗೆ ಎರಡು ಚಮಚೆಯಂತೆ ಆರು ಕಪ್ಪು ಎಂದರೆ 50-60 ಗ್ರಾಂ. ಬಿಸ್ಕಿಟು, ಶಿರಾ, ಸಂಜೆಯ ತಂಪು ಪಾನೀಯ ಇದರಲ್ಲಿ ಸೇರಿಲ್ಲ. 300 ಮಿಲಿಲೀಟರಿನ ಒಂದು ಬಾಟಲಿ ತಂಪು ಪಾನೀಯದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಒಂದು ಗ್ಲಾಸು ಕಬ್ಬಿನ ಹಾಲಿನಲ್ಲೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದೇನೆಂದರೆ, ಹೀಗೆ ಮೇಲಿನಿಂದ ಸೇರುವ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಮೀರಬಾರದು, ಐದು ಪಾಲಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ಸಾಧಾರಣ ಆಹಾರದ ಲೆಕ್ಕದಲ್ಲಿ ಅದು 50 ಗ್ರಾಂ ಮತ್ತು 25 ಗ್ರಾಂ. ನಮ್ಮ ನಡುವಿನವರು ಚಹಾದಲ್ಲೇ ಮೇಲಿನ ಗೆರೆ ದಾಟಿದ್ದರು.

"ನಾವು ಬೆಲ್ಲದ ಚಹಾ ಕುಡೀತೀವ್ರಿ, ನಮಗೇನೂ ಆಗೂದಿಲ್ಲ" ಎನ್ನುವವರಿಗೆ ಒಂದು ಮಾತು. ಬೆಲ್ಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆಯೇ. ರುಚಿ ಬೇರೆ, ಅಲ್ಪಸ್ವಲ್ಪ ಲವಣಾಂಶ ಬೇರೆ, ಆದರೆ ರಕ್ತಕ್ಕೆ ಇಳಿದ ಮೇಲೆ ಎರಡೂ ಒಂದೇ. ಜೇನುತುಪ್ಪದ್ದೂ ಅದೇ ಕಥೆ.

ನಮ್ಮ ದೇಶದಲ್ಲಿ ಮಧುಮೇಹವಿರುವವರ ಸಂಖ್ಯೆ 10 ಕೋಟಿ ದಾಟಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ತಿಳಿಸಿತು. ಅದರ ಅಂಚಿನಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಇದು ಪಟ್ಟಣದವರ ಕಾಯಿಲೆ, ಹೊಲದಲ್ಲಿ ದುಡಿಯುವವರಿಗೆ ಬರುವುದಿಲ್ಲ ಎಂದು ನಮ್ಮ ತಂದೆ ತಾಯಿಗಳು ನಂಬಿದ್ದರು. ಅವರ ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ಬಾವಿಗೆ ಮೋಟಾರು, ನೇಗಿಲಿಗೆ ಟ್ರಾಕ್ಟರು, ಹೊಲಕ್ಕೆ ಹೋಗಲು ಮೋಟಾರ್ ಸೈಕಲ್ಲು. ದುಡಿಮೆ ಇಳಿಯಿತು, ಚಹಾ ಏರಿತು.

ಮೊದಲ ವಾರದ ತಲೆನೋವು

ಬೂದಿ ಬುಧವಾರದ ಮರುದಿನವೇ ನಡುವಿನವರಿಗೆ ತಲೆನೋವು ಹಿಡಿಯಿತು. ಎರಡನೆಯ ದಿನ ಸೈಕಲ್ ಏರಿದರೆ ಮೈಯೆಲ್ಲ ಸೀಸ ಕಟ್ಟಿದಂತೆ. ಸಕ್ಕರೆ ಇಲ್ಲದೆ ದೇಹಕ್ಕೆ ಶಕ್ತಿಯೇ ಇಲ್ಲವೆಂದು ಮನೆಯವರು ತೀರ್ಮಾನಿಸಿದರು. ನಾವೂ ಹಾಗೆಯೇ ನಂಬಿದ್ದೆವು.

ಕಾರಣ ಬೇರೆಯೇ ಇತ್ತು. ಸಕ್ಕರೆಯಿಲ್ಲದ ಚಹಾ ಸೇರದೆ ಅವರು ಚಹಾವನ್ನೇ ಬಿಟ್ಟಿದ್ದರು. ಚಹಾದಲ್ಲಿ ಕೆಫೀನ್ ಎಂಬ ಉತ್ತೇಜಕ ಇದೆ. ದಿನಕ್ಕೆ ಆರು ಕಪ್ಪು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು, ಜಡತೆ, ಸಿಡುಕು ಶುರುವಾಗಿ ಕೆಲವು ದಿನ ಇರುತ್ತವೆ, ವಾರದ ಹೊತ್ತಿಗೆ ತಾವಾಗಿಯೇ ಹೋಗುತ್ತವೆ. ಸಕ್ಕರೆ ಬಿಟ್ಟವರ ಮೊದಲ ವಾರದ ಸಂಕಟದಲ್ಲಿ ಎಷ್ಟು ಪಾಲು ಚಹಾದ್ದು ಎಂದು ಯಾರೂ ಕೇಳುವುದಿಲ್ಲ. ನಾವು ಕೇಳಿದೆವು. ಅವರು ಸಕ್ಕರೆಯಿಲ್ಲದ ಚಹಾ ಎರಡು ಕಪ್ಪು ಕುಡಿದರು, ಅರ್ಧ ಗಂಟೆಯಲ್ಲಿ ತಲೆನೋವು ಇಳಿಯಿತು. ಕಹಿ ಕಹಿ ಎಂದು ಮುಖ ಕಿವುಚುತ್ತಿದ್ದವರಿಗೆ ಮೂರನೆಯ ವಾರಕ್ಕೆ ಆ ಕಹಿಯೇ ಒಗ್ಗಿತು. ಪಾಸ್ಕ ಹಬ್ಬದ ದಿನ ಬೀಗರ ಮನೆಯ ಚಹಾ ಅವರಿಗೆ ಪಾಯಸದಂತೆ ಕಂಡಿತಂತೆ.

ವಳಸಂಗದ ಹತ್ತಿರ ಕಾಲು ನಿಂತದ್ದು

ಇನ್ನು ಕಿರಿಯರ ಕಥೆ. ಇವರು ಸಕ್ಕರೆಯಷ್ಟೇ ಬಿಡಲಿಲ್ಲ. ರೊಟ್ಟಿ, ಅನ್ನ ಕೂಡ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತವೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಅವನ್ನೂ ಬಿಟ್ಟರು. ಒಂದು ವಾರ ಮೊಟ್ಟೆ, ಸೊಪ್ಪು, ಶೇಂಗಾ, ಮಜ್ಜಿಗೆ. ಮೈ ಹಗುರಾಗಿದೆ ಎಂದು ಹೇಳುತ್ತಿದ್ದರು. ಎರಡನೆಯ ರವಿವಾರ ಗೆಳೆಯರೊಡನೆ ಸೊಲ್ಲಾಪುರದ ವಿಜಾಪುರ ನಾಕಾದಿಂದ ಅಕ್ಕಲಕೋಟೆಗೆ ಹೋಗಿ ಬರುವುದೆಂದು ಹೊರಟರು. ಹೋಗಿ ಬರಲು ಸುಮಾರು 80 ಕಿಲೋಮೀಟರು.

ಹೋಗುವಾಗ ಕುಂಭಾರಿಯವರೆಗೆ ಗೆಳೆಯರೊಡನೆ ಸಮನಾಗಿ ಹೋದರು. ವಳಸಂಗ ದಾಟಿದ ಮೇಲೆ ಸ್ವಲ್ಪ ಹಿಂದೆ ಬಿದ್ದರು. ಅಕ್ಕಲಕೋಟೆಯಲ್ಲಿ ಗೆಳೆಯರು ಭಜಿ, ಬಾಳೆಹಣ್ಣು ತಿಂದು ಕಬ್ಬಿನ ಹಾಲು ಕುಡಿದರು. ಇವರು ನೀರು ಕುಡಿದು ವ್ರತ ಕಾಯ್ದುಕೊಂಡರು. ಮರಳುವಾಗ ವಳಸಂಗದ ಹತ್ತಿರ ಬರುವಷ್ಟರಲ್ಲಿ ತೊಡೆಗಳು ಕಲ್ಲಾದವು, ಕಣ್ಣಿಗೆ ಕತ್ತಲೆ ಬಂತು, ಸಮತಟ್ಟಾದ ರಸ್ತೆಯೇ ಘಾಟಿನಂತೆ ಕಂಡಿತು. ಬೇವಿನ ಮರದ ಕೆಳಗೆ ಕುಳಿತವರು ಏಳಲಿಲ್ಲ. ಕಡೆಗೆ ಸೈಕಲ್ ಸಮೇತ ಒಂದು ಟೆಂಪೋ ಏರಿ ಮನೆ ಮುಟ್ಟಿದರು.

ಯಾಕೆ ಹೀಗಾಯಿತು? ಸೈಕಲ್ ತುಳಿಯುವ ಕಾಲಿಗೆ ಎರಡು ತರಹದ ಉರುವಲು ಇದೆ. ಒಂದು ಕೊಬ್ಬು. ಬಡಕಲು ಮನುಷ್ಯನ ಮೈಯಲ್ಲೂ ಅದು ಹಲವು ಕಿಲೋ ಇರುತ್ತದೆ, ಆದರೆ ಒದ್ದೆ ಕೊರಡಿನಂತೆ ನಿಧಾನವಾಗಿ ಉರಿಯುತ್ತದೆ. ಇನ್ನೊಂದು ಗ್ಲೈಕೋಜನ್. ನಾವು ತಿಂದ ಜೋಳ, ಅನ್ನ, ಗೋಧಿ, ಹಣ್ಣು, ಸಕ್ಕರೆ ಎಲ್ಲವೂ ಗ್ಲುಕೋಸ್ ಆಗಿ, ಅದರಲ್ಲಿ ಒಂದಷ್ಟು ಸ್ನಾಯುಗಳಲ್ಲಿ ಮತ್ತು ಪಿತ್ತಜನಕಾಂಗದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಇದು ಒಣಗಿದ ಕಬ್ಬಿನ ಸಿಪ್ಪೆಯಂತೆ ಭರ್ರನೆ ಉರಿಯುತ್ತದೆ. ಆದರೆ ಕಣಜ ಚಿಕ್ಕದು. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ. ಜೋರಾಗಿ ತುಳಿದರೆ ಒಂದೂವರೆ ಎರಡು ಗಂಟೆಯಲ್ಲಿ ತಳ ಕಾಣುತ್ತದೆ. ತಳ ಕಂಡ ಮೇಲೆ ಕೊಬ್ಬಿನ ಮಂದ ಉರಿಯೊಂದೇ ಉಳಿಯುತ್ತದೆ, ಮಿದುಳಿಗೂ ಗ್ಲುಕೋಸ್ ಸಾಲದಾಗುತ್ತದೆ. ನಮ್ಮ ಕಿರಿಯರು ವಾರವಿಡೀ ಕಣಜ ತುಂಬಿಸದೆ ಹೊರಟಿದ್ದರು.

ಇದನ್ನು ಸೈಕಲ್ ಮೇಲೆಯೇ ಕೂತು ಕಂಡುಹಿಡಿದವರು ಸ್ವೀಡನ್ ದೇಶದ ಇಬ್ಬರು ವೈದ್ಯರು, ಬರ್ಗ್‌ಸ್ಟ್ರೋಮ್ ಮತ್ತು ಹುಲ್ಟ್‌ಮನ್. 1966ರಲ್ಲಿ ಅವರು ಒಂದೇ ನಿಂತ ಸೈಕಲ್ಲಿನ ಎರಡು ಬದಿಗೆ ಕೂತು, ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ತುಳಿದರು. ಆಮೇಲೆ ಮೂರು ದಿನ ಪಿಷ್ಟದ ಆಹಾರ ತಿಂದು, ತಮ್ಮ ತೊಡೆಗೆ ತಾವೇ ಸೂಜಿ ಹಾಕಿಸಿ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ದುಡಿಯದ ಕಾಲಿಗಿಂತ ಸುಮಾರು ಎರಡು ಪಟ್ಟು ತುಂಬಿಕೊಂಡಿತ್ತು. ಮರುವರ್ಷ, 1967ರಲ್ಲಿ, ಜೊತೆಗಾರರೊಡನೆ ಇನ್ನೊಂದು ಪರೀಕ್ಷೆ ಮಾಡಿದರು. ಅದೇ ಸೈಕಲ್, ಅದೇ ಭಾರ. ಎಂದಿನ ಮಿಶ್ರ ಊಟ ಮಾಡಿದವರು ಸರಾಸರಿ 114 ನಿಮಿಷ ತುಳಿದು ನಿಂತರು. ಮೂರು ದಿನ ಬರೀ ಕೊಬ್ಬು ಮತ್ತು ಸಸಾರಜನಕದ ಆಹಾರ ತಿಂದು ಬಂದಾಗ 57 ನಿಮಿಷಕ್ಕೇ ಸೋತರು. ಮೂರು ದಿನ ಪಿಷ್ಟದ ಆಹಾರ ತಿಂದು ಬಂದಾಗ 167 ನಿಮಿಷ. ಕಿರಿಯರಿಗೆ ಈ ಲೆಕ್ಕ ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು: ಆ 167 ನಿಮಿಷ ಸಕ್ಕರೆಯ ಡಬ್ಬಿಯಿಂದಲೇ ಬರಬೇಕೆಂದಿಲ್ಲ. ನಮ್ಮ ಜೋಳದ ಹಿಟ್ಟಿನ ನೂರು ಗ್ರಾಮಿನಲ್ಲಿ ಸುಮಾರು 70 ಗ್ರಾಂ ಪಿಷ್ಟವಿದೆ, ಜೊತೆಗೆ ನಾರು, ಸಸಾರಜನಕ, ಕಬ್ಬಿಣ. ಎರಡು ರೊಟ್ಟಿಯಲ್ಲಿ ಎಪ್ಪತ್ತು ಎಂಬತ್ತು ಗ್ರಾಂ ಪಿಷ್ಟ ಸಿಕ್ಕಿತು. ಅದೂ ಚಹಾದ ಸಕ್ಕರೆಯಂತೆ ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನವಾಗಿ ಇಳಿಯುತ್ತದೆ. ನಮ್ಮ ಪಕ್ಕದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಆ ಮಣ್ಣಿನ ಮಾಲದಂಡಿ ಜೋಳ ಬಿಟ್ಟು ಪರದೇಶದ ಪುಡಿಯ ಡಬ್ಬಿ ಹುಡುಕುವುದು ಏಕೆಂದು ನಮಗೆ ತಿಳಿಯದು. ಸೊಲ್ಲಾಪುರದ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಹುಟ್ಟಿದ್ದೇ ದಾರಿ ಬುತ್ತಿಗಾಗಿ. ವಾರ ಇಟ್ಟರೂ ಕೆಡುವುದಿಲ್ಲ.

ಹಾಗಾದರೆ ದಿನನಿತ್ಯದ ಸಕ್ಕರೆ ಬಿಟ್ಟರೆ ತುಳಿಯುವ ಕಸುವು ಕಡಿಮೆಯಾಗುತ್ತದೆಯೇ? ರೊಟ್ಟಿ, ಅನ್ನ, ಬೇಳೆ, ಹಣ್ಣು ಸರಿಯಾಗಿ ತಿಂದರೆ ಆಗುವುದಿಲ್ಲ. ಕಿರಿಯರು ರೊಟ್ಟಿಗೆ ಮರಳಿದ ಹತ್ತು ದಿನಕ್ಕೆ ಸಕ್ಕರೆಯಿಲ್ಲದೆಯೇ ಟಾಕಳಿಗೆ ಹೋಗಿ ಬಂದರು, ಮೊದಲಿನ ಹೊತ್ತಿಗೇ. ಎರಡು ಚಮಚೆ ಸಕ್ಕರೆಯ ಚಹಾದಲ್ಲಿ ಇರುವುದು 40 ಕ್ಯಾಲೊರಿ. ಸಾಧಾರಣ ವೇಗದಲ್ಲಿ ಸೈಕಲ್ ತುಳಿಯುವ 60 ಕಿಲೋ ತೂಕದವರಿಗೆ ಗಂಟೆಗೆ ಸುಮಾರು 400 ಕ್ಯಾಲೊರಿ ಬೇಕು. ಆ ಚಹಾ ಆರು ನಿಮಿಷಕ್ಕೆ ಮುಗಿಯಿತು! ಆದರೂ ಸಿಹಿ ಬಾಯಿಗೆ ಬಿದ್ದೊಡನೆ ಕಸುವು ಬಂದಂತೆ ಅನಿಸುವುದು ಸುಳ್ಳಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೈಕಲ್ ಸವಾರರಿಗೆ ಪಿಷ್ಟ ಕರಗಿಸಿದ ನೀರು ಕೊಟ್ಟು, ನುಂಗಬೇಡಿ, ಬಾಯಿ ಮುಕ್ಕಳಿಸಿ ಉಗುಳಿ ಎಂದರು. 2004ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಒಂದು ಗಂಟೆಯ ಓಟವನ್ನು ಅವರು ಸುಮಾರು ನೂರಕ್ಕೆ ಮೂರರಷ್ಟು ಬೇಗ ಮುಗಿಸಿದರು. ಹೊಟ್ಟೆಗೆ ಏನೂ ಇಳಿದಿರಲಿಲ್ಲ! ಊಟ ಬರುತ್ತಿದೆ ಎಂದು ನಾಲಿಗೆ ಮಿದುಳಿಗೆ ಸುದ್ದಿ ಕೊಟ್ಟರೆ ಮಿದುಳು ಕಾಲಿನ ಕಡಿವಾಣ ಸ್ವಲ್ಪ ಸಡಿಲಿಸುತ್ತದೆ, ಅಷ್ಟೇ.

ಬೆಲ್ಲ ಮತ್ತು ನೀರು

ಸಕ್ಕರೆಯನ್ನು ಶತ್ರುವೆಂದು ತಿಳಿಯುವವರಿಗೆ ನಮ್ಮ ಹಿರಿಯರ ಒಂದು ಪದ್ಧತಿ ನೆನಪಿಸಬೇಕು. ಬಿಸಿಲಲ್ಲಿ ನಡೆದು ಬಂದವನಿಗೆ ಮೊದಲು ಕೊಡುತ್ತಿದ್ದದ್ದು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವವನಿಗೆ ಯಾರೂ ಗಂಟೆಗೊಮ್ಮೆ ಬೆಲ್ಲ ಕೊಡುತ್ತಿರಲಿಲ್ಲ. ದುಡಿಯುತ್ತಿರುವ ಸ್ನಾಯು ರಕ್ತದಲ್ಲಿನ ಗ್ಲುಕೋಸನ್ನು ತಾನೇ ಸೆಳೆದುಕೊಳ್ಳುತ್ತದೆ, ಆಗ ಇನ್ಸುಲಿನ್ನಿನ ಹಂಗೂ ಅದಕ್ಕೆ ಅಷ್ಟಾಗಿ ಇಲ್ಲ. ಕೂತವನ ಮೈಯಲ್ಲಿ ಅದೇ ಸಕ್ಕರೆ ದಾರಿ ಕಾಣದೆ ಪಿತ್ತಜನಕಾಂಗ ಸೇರಿ ಕೊಬ್ಬಾಗುತ್ತದೆ. ಒಂದೇ ಬೆಲ್ಲ, ಎರಡು ಗತಿ.

ಆದ್ದರಿಂದ ಹೀಗೆ ತಿಳಿಯಬಹುದು. ಶಾಲೆಗೆ, ಡೇರಿಗೆ, ಹೊಲಕ್ಕೆ, ಚರ್ಚಿಗೆ ಹೋಗುವ ಒಂದು ಗಂಟೆಯೊಳಗಿನ ಸವಾರಿಗೆ ಊಟ ಮಾಡಿ ಹೊರಟರೆ ನೀರು ಸಾಕು. ಗ್ಲುಕೋಸ್ ಪುಡಿಯ ಜಾಹೀರಾತು ನೋಡಿ ಎರಡು ಮೈಲು ದೂರದ ಶಾಲೆಗೆ ಹೋಗುವ ಮಗುವಿಗೆ ಬಾಟಲಿ ತುಂಬಿ ಕೊಡುವ ತಾಯಂದಿರು ಅದನ್ನು ನಿಲ್ಲಿಸಲಿ. ಹಲ್ಲಾದರೂ ಉಳಿದಾವು. ಒಂದೂವರೆ ಎರಡು ಗಂಟೆ ಮೀರುವ ಸವಾರಿಯಾದರೆ ಮಾತು ಬೇರೆ. ಆಗ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಬೇಕು. ಒಂದು ದೊಡ್ಡ ಬಾಳೆಹಣ್ಣು ಮತ್ತು ಲಿಂಬೆಹಣ್ಣಿನಷ್ಟು ಬೆಲ್ಲ ಸೇರಿದರೆ ಆ ಲೆಕ್ಕ ಮುಟ್ಟುತ್ತದೆ. ಸುಸ್ತಾಗುವವರೆಗೆ ಕಾಯಬಾರದು, ಮೊದಲ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಭೀಮೆಯ ಆಚೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕಕ್ಕೆ ಸೈಕಲ್ ಸವಾರರನ್ನು ಕೊಟ್ಟ ನೆಲ. ನಮ್ಮಂಥ ರೈತಾಪಿ ಮನೆಗಳ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ರಸ್ತೆ ಓಟದ ಸವಾರರ ಅಂಗಿಯ ಬೆನ್ನಿಗೆ ಜೇಬು ಏಕೆ ಇರುತ್ತದೆಂದು ನೋಡಿದ್ದೀರಾ? ತಿನ್ನಲಿಕ್ಕೆ.

ಬಿಸಿಲಿನ ಮಾತೂ ಇದೆ. ತಪಸ್ಸುಕಾಲ ಮುಗಿಯುವ ಹೊತ್ತಿಗೆ ನಮ್ಮ ಸೀಮೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಕರುಳಿನಲ್ಲಿ ಉಪ್ಪು ಮತ್ತು ಗ್ಲುಕೋಸ್ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ, ನೀರು ಅವುಗಳ ಬೆನ್ನಿಗೆ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇದೇ ಉಪ್ಪು ಸಕ್ಕರೆಯ ನೀರಿನಿಂದ ಸಾವಿರಾರು ಜೀವ ಉಳಿಸಿದರು. ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ವಾಂತಿಭೇದಿಗೆ ಇದು ಔಷಧ. ಬಿಸಿಲಲ್ಲಿ ದೂರದ ಸವಾರಿಗೆ ಹೋಗುವವರೂ ಇದಕ್ಕೆ ಲಿಂಬೆ ಹಿಂಡಿ ಒಯ್ಯಬಹುದು. ಸಕ್ಕರೆ ಬಿಟ್ಟಿದ್ದೇವೆಂದು ವಾಂತಿಭೇದಿಯಾದ ಮಗುವಿಗೂ ಇದನ್ನು ಕೊಡದಿರುವ ಮೂರ್ಖತನ ಯಾರೂ ಮಾಡಬಾರದು.

ಹತ್ತೂರಿನ ಚಹಾದಂಗಡಿ

ಕಡೆಗೆ ಉಳಿಸಿಕೊಂಡದ್ದು ಹಿರಿಯರ ಸಂಗತಿ. ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಅವರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ತಪಸ್ಸುಕಾಲದ ಮೂರನೆಯ ಶುಕ್ರವಾರ ಸಕ್ಕರೆಯ ಜೊತೆಗೆ ಮುಂಜಾನೆಯ ರೊಟ್ಟಿಯನ್ನೂ ಬಿಟ್ಟು ಉಪವಾಸ ಹಿಡಿದರು. ಮಾತ್ರೆ ಮಾತ್ರ ಎಂದಿನಂತೆ ನುಂಗಿದರು. ಹಾಲು ಹಾಕಿ ಮರಳುವಾಗ ಹತ್ತೂರಿನ ಬಳಿ ಕೈ ನಡುಗತೊಡಗಿತು, ಮೈಯೆಲ್ಲ ತಣ್ಣನೆಯ ಬೆವರು, ಮಾತು ತೊದಲಿತು. ಸೈಕಲ್ ಸಮೇತ ರಸ್ತೆಯ ಬದಿಗೆ ಉರುಳಿದರು. ಆ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರು, ಲಾರಿಗಳು ಹೇಗೆ ಓಡುತ್ತವೆಂದು ನಿಮಗೆ ಗೊತ್ತು. ಬಲಕ್ಕೆ ಉರುಳಿದ್ದರೆ ಈ ಅಂಕಣದಲ್ಲಿ ಇಬ್ಬರೇ ಉಳಿಯುತ್ತಿದ್ದರು.

ಮುಂಜಾನೆಯೇ ಕುಡಿದಿದ್ದಾನೆ ಎಂದು ಇಬ್ಬರು ನಕ್ಕು ಮುಂದೆ ಹೋದರಂತೆ. ಚಹಾದಂಗಡಿಯ ಹೆಣ್ಣುಮಗಳು ಓಡಿ ಬಂದಳು. ಅವಳ ತಾಯಿಗೂ ಇದೇ ಕಾಯಿಲೆ ಇತ್ತಂತೆ. ಅವಳು ಒಂದು ಲೋಟ ನೀರಿನಲ್ಲಿ ಸಕ್ಕರೆ ಕಲಸಿ ಬಾಯಿಗೆ ಹಿಡಿದರೆ ನಮ್ಮ ಹಿರಿಯರು ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದರು. ಸಕ್ಕರೆ ಬಿಟ್ಟೀನಿ, ದೇವರಿಗೆ ಮಾತು ಕೊಟ್ಟೀನಿ ಎಂದು ತೊದಲಿದರು. ಅವಳು ಗದರಿಸಿದ ಮಾತು ಈಗ ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರಿಗೂ ಗೊತ್ತು: "ನಿಮ್ಮ ದೇವ್ರಿಗೆ ನಾ ಹೇಳ್ತೀನಿ ಯಜ್ಜಾ, ನೀ ಮೊದ್ಲ ಕುಡಿ!" ಕುಡಿದ ಹತ್ತು ಹದಿನೈದು ನಿಮಿಷಕ್ಕೆ ಬುದ್ಧಿ ನೆಟ್ಟಗಾಯಿತು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆ ನುಂಗುವವರು ದಯವಿಟ್ಟು ಇದನ್ನು ಎರಡು ಸಲ ಓದಿರಿ. ಈ ಔಷಧಗಳು ಊಟ ಬಂತೋ ಇಲ್ಲವೋ ಎಂದು ನೋಡುವುದಿಲ್ಲ, ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಸೈಕಲ್ ತುಳಿಯುವುದೂ ಇಳಿಸುತ್ತದೆ, ತುಳಿದು ಹಲವು ಗಂಟೆಗಳ ಮೇಲೂ, ಕೆಲವೊಮ್ಮೆ ರಾತ್ರಿ ಮಲಗಿದಾಗಲೂ. ಉಪವಾಸ ಮೂರನೆಯದು. ಮೂರೂ ಒಂದೇ ದಿನ ಕೂಡಿದರೆ ಅಪಾಯ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ನಿಮ್ಮ ಮಾತ್ರೆಯ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ ಚೀಟಿ ಹಿಡಿದು ಔಷಧದ ಅಂಗಡಿಯಲ್ಲಿ ಕೇಳಿರಿ. ಸಕ್ಕರೆ ಬಿಡುವ, ಊಟ ಕಡಿಮೆ ಮಾಡುವ ಅಥವಾ ಹೊಸದಾಗಿ ಸೈಕಲ್ ಹಿಡಿಯುವ ಮುನ್ನ ವೈದ್ಯರಿಗೆ ಹೇಳಿ ಮಾತ್ರೆಯ ಪ್ರಮಾಣ ಸರಿಪಡಿಸಿಕೊಳ್ಳಿರಿ. ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು, ಎದೆ ಹೊಡೆತ, ಮಂಕು ಕಂಡರೆ ತಕ್ಷಣ ಸೈಕಲ್ ಇಳಿದು ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಮ್ಮೆ. ಆಮೇಲೆ ರೊಟ್ಟಿ ತಿನ್ನಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬಾರದು, ಉಸಿರುಕೊಳವೆಗೆ ಹೋದೀತು. ಆಗ ಆಸ್ಪತ್ರೆಯೇ ದಾರಿ.

ಹಿರಿಯರು ಮನಸ್ಸಿಗೆ ಹಚ್ಚಿಕೊಂಡು ಗುರುಗಳ ಬಳಿಗೆ ಹೋದರು. ಗುರುಗಳು ಪುಸ್ತಕ ತೆಗೆದು ತೋರಿಸಿದರು. ಧರ್ಮಸಭೆಯ ಕಟ್ಟಳೆಯ ಪ್ರಕಾರ ಉಪವಾಸದ ಕಡ್ಡಾಯ ದಿನಗಳು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ. ಅದೂ 18 ತುಂಬಿದವರಿಗೆ, 60ನೆಯ ವರ್ಷಕ್ಕೆ ಕಾಲಿಡುವವರೆಗೆ. ಕಾಯಿಲೆಯವರಿಗೆ ಅದೂ ಇಲ್ಲ. 63ರ ಹಿರಿಯರು ಯಾರೂ ಹೊರಿಸದ ಹೊರೆ ಹೊತ್ತುಕೊಂಡು ಹತ್ತೂರಿನಲ್ಲಿ ಬಿದ್ದಿದ್ದರು.

ವೈದ್ಯರು ಅವರ ಮಾತ್ರೆ ಅರ್ಧಕ್ಕೆ ಇಳಿಸಿದ್ದಾರೆ. ಚಹಾದಲ್ಲಿ ಸಕ್ಕರೆ ಇಂದಿಗೂ ಇಲ್ಲ. ಮುಂಜಾನೆ ಒಂದು ರೊಟ್ಟಿ ತಿಂದೇ ಸೈಕಲ್ ಏರುತ್ತಾರೆ. ಅಂಗಿಯ ಜೇಬಿನಲ್ಲಿ ಕಾಗದದ ಪೊಟ್ಟಣದಲ್ಲಿ ಸಕ್ಕರೆ, ಜೊತೆಗೆ ತಮಗೆ ಸಕ್ಕರೆ ಕಾಯಿಲೆ ಇದೆ ಎಂದು ಮರಾಠಿ ಮತ್ತು ಕನ್ನಡ ಎರಡರಲ್ಲೂ ಬರೆದ ಚೀಟಿ. ಹತ್ತೂರಿನ ಅಂಗಡಿಯಲ್ಲಿ ನಿತ್ಯ ಒಂದು ಕಪ್ಪು ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾರೆ. ಆ ಹೆಣ್ಣುಮಗಳು ದುಡ್ಡು ತೆಗೆದುಕೊಳ್ಳುವ ಮುನ್ನ ಜೇಬು ಮುಟ್ಟಿ ಪೊಟ್ಟಣ ಇದೆಯೇ ಎಂದು ನೋಡುತ್ತಾಳಂತೆ.

ಕಿರಿಯರಿಗೆ ವಳಸಂಗದ ಅವಮಾನ ಇನ್ನೂ ಆರಿಲ್ಲ. ಪಾಸ್ಕ ಹಬ್ಬದ ಮರುದಿನ ಸೋಮವಾರ ಮತ್ತೆ ಅಕ್ಕಲಕೋಟೆಗೆ ಸವಾರಿ ಗೊತ್ತು ಮಾಡಿದ್ದಾರೆ. ಬರುವ ಇಚ್ಛೆಯುಳ್ಳವರು ಮುಂಜಾನೆ 5 ಗಂಟೆಗೆ ವಿಜಾಪುರ ನಾಕಾದ ಬಳಿ ಸೇರಬೇಕು. ಗಾಳಿ, ಬ್ರೇಕು ನೋಡಿಕೊಂಡು ಬರಬೇಕು, ಊಟ ಮಾಡಿ ಬರಬೇಕು. ಎರಡು ಬಾಟಲಿ ನೀರು ಮತ್ತು ರೊಟ್ಟಿ ನಿಮ್ಮವು, ಬೆಲ್ಲ ನಮ್ಮದು.